ಹನ್ನೆರಡು ಗಂಟೆಯ ದಾರಿ

ಅಂಗಡಿ ಮೇಲಿನ ಮನೆ,
ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು ಬರುತ್ತದೆಯೇ? ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಡಬ್ಬಿಯಲ್ಲಿ ಪೇರಿಸಿಡುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಕಾಲಿನ ಊತ ಇಳಿದಿದೆ. ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಅದೇ ನೆಪ ಹಿಡಿದು ಜಗಳ ತೆಗೆಯುತ್ತೀಯ.

ಇಪ್ಪತ್ತನೇ ತಾರೀಖು ಹೃದಯದ ಆಪರೇಷನ್ ಅಂತ ನೀನು ಮೊನ್ನೆ ಫೋನಿನಲ್ಲಿ ಎಷ್ಟು ತಣ್ಣಗೆ ಹೇಳಿದೆ! ನಾನು ಬರುತ್ತೇನೆ ಅಂದರೆ, “ಅಷ್ಟು ದೂರ ಕೂತು ಬಂದು ನೀನೂ ಮಲಗಿದ್ರೆ ಯಾರನ್ನ ಯಾರು ನೋಡ್ಕೊಳ್ಳೋದು? ಬರ್ಬೇಡ” ಅಂತ ಫೋನ್ ಇಟ್ಟೇಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಇಡಲು ನಿನಗೆ ಮನಸ್ಸು ಬರುವುದಿಲ್ಲ.

ನೀನು ಬೇಡ ಅಂದರೂ ನಮ್ಮನೆಯವರು ಲೆಕ್ಕಕ್ಕೆ ಕೂತರು. ಎದುರುಮನೆ ಟೀಚರಮ್ಮನಿಂದ ಗ್ಲೋಬ್ ತಂದು, ನಮ್ಮೂರಿನಿಂದ ನಿಮ್ಮೂರಿಗೆ ದಾರ ಹಿಡಿದು, ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜನ್ನೇ ಸಿಕ್ಕಿಸಿಕೊಂಡು ಅಳೆದರು. ಒಂಬತ್ತೂವರೆ ಸಾವಿರ ಕಿಲೋಮೀಟರ್. ವಿಮಾನದ ವೇಳಾಪಟ್ಟಿ ನೋಡಿದರೆ, ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಮೂರೂವರೆಗೆ ಇಳಿಯುವುದು. ಬರೀ ಆರೂವರೆ ಗಂಟೆ ಅಂತ ಕುಣಿದಾಡಿದರು. ಈ ಕಾಲಿಟ್ಟುಕೊಂಡು ಒಂದೇ ಸಮನೆ ಎಂಟು ಗಂಟೆಗಿಂತ ಹೆಚ್ಚು ಕೂರಬಾರದು ಅಂತ ಡಾಕ್ಟರು ಹೇಳಿದ್ದರಲ್ಲ, ಅವರೂ ನಮ್ಮ ಮಾತು ನಂಬಿ ಧಾರಾಳವಾಗಿ ಹೋಗಿ ಅಂದರು.

ಟಿಕೆಟ್ ಆಫೀಸಿನ ಹುಡುಗಿ ಮಾತ್ರ ತಬ್ಬಿಬ್ಬಾದಳು. ಅಲ್ಲಿನ ಗಡಿಯಾರ ಇಲ್ಲಿಗಿಂತ ಐದೂವರೆ ಗಂಟೆ ಹಿಂದಂತೆ, ಪ್ರಯಾಣ ಪೂರಾ ಹನ್ನೆರಡು ಗಂಟೆಯಂತೆ. ಇವರ ಮುಖ ಸಣ್ಣಗಾಯಿತು. “ಅಂಗಡೀಲಿರೋ ಗಡಿಯಾರ ಎಲ್ಲಾ ಒಂದೇ ಟೈಮ್ ತೋರಿಸ್ಬೇಕು ಅಂತ ಮೂವತ್ತು ವರ್ಷ ಒದ್ದಾಡಿದೀನಿ. ಬೇರೆ ಬೇರೆ ತೋರಿಸಿದ್ರೂ ಸರಿ ಇರುತ್ತೆ ಅನ್ನೋದು ತಲೆಗೇ ಹೋಗ್ಲಿಲ್ಲ ನೋಡು” ಅಂದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ ಅಕ್ಕಾ. ನೀನು ಒಬ್ಬಳೇ ಆಪರೇಷನ್ ಕೋಣೆಗೆ ಹೋಗುವುದು ಕಣ್ಣಿಗೆ ಕಟ್ಟಿತು.

ಪಾಪ, ಆ ಹುಡುಗಿ ನೀರು ಕೊಟ್ಟು, ಕಂಪ್ಯೂಟರ್ ತಡಕಾಡಿ ದಾರಿ ಹುಡುಕಿದಳು. ಆರೂವರೆ ಗಂಟೆ ಹಾರಿ ನಡುವಿನ ಊರಿನಲ್ಲಿ ಇಳಿಯುವುದು, ಒಂದು ದಿನ ಕಾಲು ಚಾಚಿ ಮಲಗುವುದು, ಮತ್ತೆ ಆರೂವರೆ ಗಂಟೆ. ಡಾಕ್ಟರು ಒಪ್ಪಿದ್ದಾರೆ. ಹದಿನೆಂಟರ ಸಂಜೆ ನಿನ್ನ ಬಾಗಿಲು ತಟ್ಟುತ್ತೇನೆ. ಟಿಕೆಟ್ ಆಗಿದೆ, ಇನ್ನು ಬೈದು ಪ್ರಯೋಜನವಿಲ್ಲ. ನಮ್ಮನೆಯವರು ನಮಸ್ಕಾರ ತಿಳಿಸಿದ್ದಾರೆ, ನಿನಗೆ ಮುಖ ತೋರಿಸಲು ನಾಚಿಕೆಯಂತೆ. ಧೈರ್ಯವಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಮೊಂಡಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಪಕ್ಕದ ಮನೆಯವರು ಫೋನ್ ಮಾಡಿದ್ದರು. ಆಸ್ಪತ್ರೆಯ ಫಾರಮ್ಮಿನಲ್ಲಿ ಹತ್ತಿರದ ಸಂಬಂಧಿ ಅನ್ನುವ ಕಡೆ ಅವರ ಹೆಸರು ಬರೆಸಿದ್ದೀಯಂತೆ. ಯಾಕೆ ಅಂದಿದ್ದಕ್ಕೆ, “ಇರೋಳೊಬ್ಬಳು ತಂಗಿ, ತುಂಬಾ ದೂರ” ಅಂದೆಯಂತೆ. ಅವರು ಒಳ್ಳೆಯವರು, ನನಗೇನೂ ಬೇಜಾರಿಲ್ಲ. ಸುಳ್ಳು, ತುಂಬಾ ಬೇಜಾರಾಗಿದೆ. ಈ ಕಾಗದ ಓದಿದ ಕೂಡಲೇ ಆಸ್ಪತ್ರೆಗೆ ಹೋಗಿ, ಅದನ್ನು ಹೊಡೆದುಹಾಕಿಸಿ ನನ್ನ ಹೆಸರು ಬರೆಸು ಅಕ್ಕಾ.