ಚಿಲಕ ಮೇಜಿನ ಮೇಲಿದೆ

ಅಕ್ಕ,

ನಾನು ಆಸ್ಪತ್ರೆಗೆ ವಾಪಸ್ ಹೊರಟೆ. ಡಾಕ್ಟರು ಸೋಮವಾರದವರೆಗೆ ಮನೇಲಿರು ಅಂತ ಕಳಿಸಿದ್ದು ನಿಜ, ಆದ್ರೆ ಎರಡೇ ದಿನಕ್ಕೆ ನಿನ್ನ ಕಾವಲು ಸಾಕುಸಾಕಾಯ್ತು. ಬರ್ತೀನಿ ಅಂತ ವಾರ್ಡಿಗೆ ಫೋನ್ ಮಾಡಿದ್ದೀನಿ. ಊರೆಲ್ಲ ಹುಡುಕಿಸಿ ರಂಪ ಮಾಡ್ಬೇಡ.

ಬೆಳಗಿನ ಮಾತ್ರೆ ನುಂಗಿದ್ದೀನಿ. ನಾಲಿಗೆ ಎತ್ತಿ ತೋರಿಸೋಣ ಅಂದ್ರೆ ನೀನು ಪೇಟೆಗೆ ಹೋಗಿದ್ದೆ. ನೀನು ಕಾವಲಿಗೆ ಕೂರಿಸಿದ ಭಾವ ಮುಖದ ಮೇಲೆ ಪೇಪರ್ ಹಾಕ್ಕೊಂಡು ಗೊರಕೆ ಹೊಡೀತಿದ್ದಾರೆ. ಪಾಪ, ಅವರನ್ನ ಬೈಬೇಡ.

ಬಚ್ಚಲಮನೆ ಚಿಲಕ ಮುರಿದಿದೆ, ಬಡಗಿ ಬರ್ಬೇಕು ಅಂದೆಯಲ್ಲ? ನಿನ್ನ ಹೊಲಿಗೆ ಡಬ್ಬದಲ್ಲಿ ಸಿಕ್ತು, ನಾಲ್ಕು ಸ್ಕ್ರೂ ಸಮೇತ ನೀನೇ ಕಾಗದದಲ್ಲಿ ಸುತ್ತಿಟ್ಟಿದ್ದೆ. ಮೇಜಿನ ಮೇಲಿಟ್ಟಿದ್ದೀನಿ, ಹಾಕಿಸ್ಕೋ.

‘ನಿನ್ನ ಮೇಲೆ ನಂಬಿಕೆಯಿಲ್ಲ ಕಣೇ’ ಅಂತ ನೀನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಿದ್ರೆ ಇಷ್ಟು ಉರೀತಿರಲಿಲ್ಲ. ನಿನ್ನೆ ನಾನು ಸ್ನಾನ ಮಾಡೋವಾಗ ನೀನು ಉಸಿರು ಬಿಗಿಹಿಡಿದು ಹೊರಗೆ ನಿಂತಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಹೆಬ್ಬೆರಳು ಕಾಣ್ತಿತ್ತು.

ವಾರ್ಡಲ್ಲೂ ಚಿಲಕವಿಲ್ಲ. ಯಾಕಿಲ್ಲ ಅಂತ ಸಿಸ್ಟರ್ ಮೊದಲನೇ ದಿನವೇ ಎದುರಿಗೆ ಕೂತು ಹೇಳಿದ್ರು. ಕಾಲು ಗಂಟೆಗೊಮ್ಮೆ ನೋಡೋಕೆ ಬರ್ತಾರೆ. ಆದ್ರೆ ಬಾಗಿಲು ತಟ್ಟಿ, ಹೆಸರು ಹಿಡಿದು ಕರೆದು, ಆಮೇಲೆ ಒಳಗೆ ಬರ್ತಾರೆ.

ನನ್ನ ನೀಲಿ ಸ್ವೆಟರ್ ಒಗೆದು ತಾ. ಅದರ ಟೋಪಿಯ ದಾರ ಕಿತ್ತುಹಾಕು, ದಾರ ಇದ್ರೆ ಒಳಗೆ ತರೋಕೆ ಬಿಡಲ್ಲ. ನೋಡೋಕೆ ಬರೋರನ್ನ ನಾಲ್ಕರಿಂದ ಐದರವರೆಗೆ ಬಿಡ್ತಾರೆ. ಬಂದ್ರೆ ಇಣುಕ್ತಾ ನಿಲ್ಲಬೇಡ, ತಟ್ಟು.

ಬಾ ಅನ್ನೋದು ನನಗೆ ಬಿಟ್ಟಿದ್ದು.

ನಲವತ್ತೊಂದು ವರ್ಷದ ನಿನ್ನ ಪುಟ್ಟಿ