ಯಾರ ಗೇಣು?

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಯ ಅಪ್ಪನಿಗೆ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಊತ ಇಳಿಯಿತೇ? ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ನೆನಪಾದಾಗ ನುಂಗುತ್ತಿದ್ದೀರೋ? ನಿಮ್ಮನ್ನು ಕೇಳಿದರೆ ‘ಆರಾಮ’ ಎಂಬ ಒಂದೇ ಮಾತು. ಅದಕ್ಕೇ ಅಲ್ಲಿ ನಿಮ್ಮನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಅತ್ತಿಗೆಯವರನ್ನು ಕೇಳಿದೆ. ನಿಮ್ಮ ಅಕ್ಕನೇ ತಾನೇ, ಅವರೂ ‘ಆರಾಮ’ ಎಂದರು. ಇಲ್ಲಿ ಪುಟ್ಟಿಗೆ ಹಲ್ಲು ಬರುತ್ತಿದೆ. ಹಲ್ಲು ಅವಳಿಗೆ, ನಿದ್ದೆಗೆಟ್ಟಿರುವುದು ನಾನು. ನಿನ್ನೆ ಸಕ್ಕರೆ ಡಬ್ಬಿಯನ್ನು ಬಟ್ಟೆ ಬೀರುವಿನಲ್ಲಿಟ್ಟು ಮನೆಯೆಲ್ಲ ಹುಡುಕಿದೆ.

ಈಗ ದೋಣಿ ವಿಷಯ. ನೀವು ಹೇಳಿದಂತೆ ಮಾವನವರೂ ನಾನೂ ಪುಟ್ಟಿಯನ್ನೆತ್ತಿಕೊಂಡು ದೋಣಿ ಮಾರುವವನ ಬಳಿ ಹೋಗಿಬಂದೆವು. ಎರಡು ಅಲ್ಯೂಮಿನಿಯಂ ದೋಣಿಗಳಿವೆ. ಎರಡರ ತಳವೂ ಅಗಲ, ಬೆಸುಗೆ ಗಟ್ಟಿ. ನೀರಿಗಿಳಿಸಿ ನಾವಿಬ್ಬರೂ ಒಂದೇ ಪಕ್ಕಕ್ಕೆ ನಿಂತರೂ ಮಗುಚುವ ಲಕ್ಷಣವಿಲ್ಲ. ವ್ಯತ್ಯಾಸವೆಲ್ಲ ಅಂಚಿನದು. ಒಂದರದು ಗಿಡ್ಡ, ಇನ್ನೊಂದರದು ಎತ್ತರ. ನೀವು ಹೇಳಿಕಳಿಸಿದ್ದೇನು? ‘ದೊಡ್ಡ ಮೀನಿಗೆ ಅಂಚು ಮೂರು ಗೇಣಿರಬೇಕು, ಹೆಚ್ಚೂ ಬೇಡ, ಕಮ್ಮಿನೂ ಬೇಡ.’ ಮಾವನವರು ತಮ್ಮ ಮೊರದಂಥ ಕೈ ಚಾಚಿ ಅಳೆದರು. ಎತ್ತರದ ದೋಣಿಗೆ ಸರಿಯಾಗಿ ಮೂರು ಗೇಣು. ನಾನು ಅಳೆದೆ, ಗಿಡ್ಡ ದೋಣಿಗೆ ಸರಿಯಾಗಿ ಮೂರು ಗೇಣು. ಮಾರುವವನು ಟೇಪು ಹಿಡಿದು ನಿಂತಿದ್ದ. “ಮನೆಯೋರೆಲ್ಲ ಸೇರಿ ಮೊದಲು ಒಂದು ಕೈ ಆರಿಸ್ಕೊಂಡು ಬನ್ನಿ, ಆಮೇಲೆ ದೋಣಿ ಆರಿಸೋಣ,” ಎಂದ. ಮಾವನವರು ನಗಲಿಲ್ಲ. “ನೋಡಮ್ಮಾ, ಅವನು ನನ್ನ ಮಗ. ನನ್ನ ಗೇಣೇ ಅವನ ಗೇಣು,” ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಲ್ಲಿಂದಲೇ ಫೋನ್ ಮಾಡಿ ಇಂಚಿನಲ್ಲಿ ಹೇಳಿ ಎಂದು ಅಂಗಲಾಚಿದರೆ, “ಇಂಚು ಗಿಂಚು ನಂಗೊತ್ತಿಲ್ಲ, ನನ್ನ ಗೇಣು ಕಣೇ,” ಎಂದು ನಕ್ಕು ಇಟ್ಟುಬಿಟ್ಟಿರಿ. ಅದಕ್ಕೇ ಈ ಪತ್ರ. ಪತ್ರ ಓದುವಾಗ ನಕ್ಕರೆ ನನಗೆ ಕೇಳಿಸುವುದಿಲ್ಲ.

ನಗುವ ವಿಷಯವೇ ಇದು? ಹಳೆಯ ದೋಣಿಯ ಅಂಚು ಎತ್ತರವಾದ್ದರಿಂದಲೇ ತಾನೇ ಆ ಮೀನು ಒಳಗೆ ಬಾರದೆ ಹೊರಗೇ ತೂಗಾಡಿ, ಗಾಳದ ದಾರ ನಿಮ್ಮ ಬಲಗೈಗೆ ಸುತ್ತಿ ಕೊಯ್ದದ್ದು? ಹಾಗೆಂದು ಗಿಡ್ಡದ್ದನ್ನು ಕೊಂಡರೆ, ನೀವು ಬಗ್ಗಿದಾಗ ಮೀನು ಒಮ್ಮೆ ಜಗ್ಗಿತೆಂದರೆ ತೊಡೆಗೆ ಆಸರೆಯಿಲ್ಲದೆ ನೀವೇ ನೀರಿಗೆ. ಹೋಗುವುದೂ ಒಬ್ಬರೇ. ತೊಟ್ಟಿಲು ತೂಗುತ್ತಾ ನನಗೆ ಇದೇ ಜಪ: ಎತ್ತರವಾದರೆ ಕೈ, ಗಿಡ್ಡವಾದರೆ ಆಳೇ. ‘ಓದಿದವಳು ನೀನೇ ಆರಿಸು’ ಎನ್ನುತ್ತೀರಿ. ನಾನು ಓದಿದ ಕಾಲೇಜಿನಲ್ಲಿ ಗಂಡನ ಗೇಣಿನ ಪಾಠ ಇರಲಿಲ್ಲ.

ಮಾವನವರ ಮುನಿಸು ಇನ್ನೂ ಇಳಿದಿಲ್ಲ. ಆದರೂ ಪುಟ್ಟಿಯನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಇಷ್ಟು ಬರೆಯಲು ಕೈ ಬಿಡುವಾದದ್ದು ಅವರ ಪುಣ್ಯ. ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಎಡಗೈಯಲ್ಲಾದರೂ ಸರಿ, ಹೊಟ್ಟೆ ತುಂಬ ಊಟ ಮಾಡಿ.

ನಿಮ್ಮ,
ಪುಟ್ಟಿಯ ಅಮ್ಮ

ಇನ್ನೊಂದು ಮಾತು, ಅವಳು ಎದ್ದಳು, ಬೇಗ ಹೇಳುತ್ತೇನೆ. ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಅದರ ಮೇಲೆ ಬಲಗೈ ಊರಿ, ಬೆರಳುಗಳನ್ನು ಎಷ್ಟು ಚಾಚಲಾಗುತ್ತದೋ ಅಷ್ಟೇ ಚಾಚಿ, ಅತ್ತಿಗೆಯವರಿಂದ ಸುತ್ತ ಗೆರೆ ಎಳೆಸಿ ಕಳಿಸಿ. ಪುಟ್ಟಿ ಹುಟ್ಟಿದ ದಿನ ಅವಳನ್ನು ‘ಎರಡು ಗೇಣು’ ಎಂದು ಅಳೆದಿರಲ್ಲ, ಆ ಕೈ ನನಗೆ ಗೊತ್ತು. ಈಗಿನದು ಬೇಕು. ಗೆರೆಗೆ ‘ಆರಾಮ’ ಎನ್ನಲು ಬರುವುದಿಲ್ಲ. ಬೆರಳು ಚಾಚಲು ಬಾರದಿದ್ದರೆ ಎರಡು ದೋಣಿಯೂ ಬೇಡ, ನೀವು ಬನ್ನಿ.