ನನ್ನದೊಂದು ಮತ

6 ಫೆಬ್ರವರಿ 2024
ಗೊಬ್ಬೂರ. ಇವತ್ತು ಹನ್ನೊಂದು ಹೆಂಗಸರ ಕೈ ಅಳತೆ. ಒಟ್ಟು ಇನ್ನೂರ ನಾಲ್ಕು. ಕುಡುಗೋಲಿನ ಹಿಡಿಕೆ ಎಷ್ಟು ದಪ್ಪ ಇರಬೇಕೆಂದು ನಮ್ಮ ಕೃಷಿ ಸಲಕರಣೆ ಮಾನಕ ಸಮಿತಿ ಹಿಂದೆ ಬರೆದದ್ದು ಗಂಡಸರ ಅಂಗೈ ನೋಡಿ. ಹೆಂಗಸರಿಗೆ ಸಣ್ಣ ಹಿಡಿಕೆ ಬೇಕು ಎನ್ನುವ ತಿದ್ದುಪಡಿಯ ಕರಡು ನನ್ನದೇ.
ಜೋಳ ಕೊಯ್ಯುತ್ತಿದ್ದ ಮಲ್ಕಮ್ಮ ಅಂಗೈ ಬಿಡಿಸಿದಳು. ಅಂಗೈ ತುಂಬ ಬೊಕ್ಕೆ.
"ಅಕ್ಕೋರ, ಅಷ್ಟ ದೊಡ್ಡ ಮಂದ್ಯಾಗ ನಮ್ಮ ಕೈ ಬಗ್ಗೆ ಯಾರ ಮಾತಾಡ್ತಾರ್ರಿ?"
"ನಾ ಮಾತಾಡ್ತೇನಿ. ವೋಟೂ ಹಾಕ್ತೇನಿ."

19 ಏಪ್ರಿಲ್
ಕಲಬುರಗಿ, ಆಸ್ಪತ್ರೆ. ಅವ್ವನಿಗೆ ಡಯಾಲಿಸಿಸ್. ಸಮಿತಿಯ ಸಭೆ ತಪ್ಪಿತು. ಮೊಬೈಲಿನಲ್ಲಾದರೂ ಸೇರಬಹುದಿತ್ತು. ಅವ್ವ ಕೈ ಹಿಡಿದುಕೊಂಡಿದ್ದಳು… ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

2 ಆಗಸ್ಟ್
ಆಳಂದ. ಅವ್ವ ಹೋಗಿ ಹದಿನೈದು ದಿನ. ಜುಲೈ ಸಭೆಯೂ ಹೋಯಿತು.
ಇನ್ನೂರ ನಾಲ್ಕು ಕೈ ಅಳೆದೆ. ಮೂವತ್ತು ವರ್ಷ ಕುಡುಗೋಲು ಹಿಡಿದವಳದು ಅಳೆಯಲಿಲ್ಲ. ಮನೆಯಲ್ಲೇ ಇರುವ ಕೈ, ಯಾವಾಗಲಾದರೂ ಆಯಿತು ಅಂದುಕೊಂಡಿದ್ದೆ.

9 ಆಗಸ್ಟ್
ಮೇಲ್ ಬಂತು. ಸತತ ಎರಡು ಸಭೆಗೆ ಗೈರು, ಆದ್ದರಿಂದ ಮತದ ಹಕ್ಕು ಇಲ್ಲ. ಸತತ ಎರಡಕ್ಕೆ ಹಾಜರಾದರೆ ಮರಳಿ ಬರುತ್ತದಂತೆ. ಅಲ್ಲಿಯವರೆಗೆ ಮಾತಾಡಬಹುದು, ಅಷ್ಟೆ.
ಅಧ್ಯಕ್ಷ ಜಗದೇವ ಸರ್‌ಗೆ ಫೋನ್ ಮಾಡಿದೆ. ಜೇವರ್ಗಿಯವರು, ಒಳ್ಳೆಯವರು.
"ನಿಮ್ಮ ಸಂಕಟ ತಿಳಿತದ್ರಿ, ವಿದ್ಯಾವತಿಯವರ. ಆದ್ರ ಈ ನಿಯಮಕ್ಕ ಮೊದ್ಲ ಕೈ ಎತ್ತಿದವ್ರು ನೀವ ಅಲ್ಲೇನ್ರಿ?"
ಹೌದು. ನಾನೇ. ಬಾರದವರಿಗೆ ವೋಟು ಯಾಕೆ ಎಂದು ಜೋರಾಗಿಯೇ ಕೇಳಿದ್ದೆ. ಬಾರದವರ ಮನೆಯಲ್ಲಿ ಏನು ನಡೆದಿತ್ತೋ, ಕೇಳಿರಲಿಲ್ಲ.

27 ಸೆಪ್ಟೆಂಬರ್
ಆನ್‌ಲೈನ್ ಸಭೆ. ಹನ್ನೆರಡು ನಿಮಿಷ ಮಾತಾಡಿದೆ. ಆಮೇಲೆ ಮತ. ನನ್ನ ಹೆಸರು ಬಿಟ್ಟು ಎಲ್ಲರ ಹೆಸರೂ ಕರೆದರು. ಆರು ಪರ, ಆರು ವಿರೋಧ. ಸಮವಾದರೆ ಪಾಸಿಲ್ಲ. ಕರಡು ಮತ್ತೆ ತರಲು ಇನ್ನು ಆರು ತಿಂಗಳು ಕಾಯಬೇಕು.
ಒಂದೇ ಒಂದು…

8 ಅಕ್ಟೋಬರ್
ಗೊಬ್ಬೂರ. ಮಲ್ಕಮ್ಮನಿಗೆ ಹೇಳಲೇಬೇಕಿತ್ತು. ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ.
"ಹಡದವ್ವನ ಹಂತ್ಯಾಕ ಕುಂತಿದ್ದು ತಪ್ಪೇನ್ರಿ? ಈ ಹಂಗಾಮ ಹೆಂಗರ ಕೊಯ್ತೇವು. ನೀವ್ ಮಾತ್ರ ಹೋಗೂದು ಬಿಡಬ್ಯಾಡ್ರಿ."
ಬಸ್ಸಿನಲ್ಲಿ ಕಲಬುರಗಿಯವರೆಗೂ ಅತ್ತೆ.

17 ಜನವರಿ 2025
ಜ್ವರ. ಆದರೂ ಸಭೆಗೆ ಕೂತೆ. ಎರಡನೆಯದು. ಸಂಜೆ ಮೇಲ್ — ಮತದ ಹಕ್ಕು ವಾಪಸ್. ಓದಿದವಳೇ ಅಡುಗೆಮನೆಯತ್ತ ತಿರುಗಿ "ಅವ್ವಾ" ಅಂದುಬಿಟ್ಟೆ.

4 ಏಪ್ರಿಲ್, ಬೆಳಗ್ಗೆ 11.40
ಸಭೆ ನಡೆಯುತ್ತಿದೆ. ಕರಡು ಮತ್ತೆ ಬಂದಿದೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಅಕಾರಾದಿಯಲ್ಲಿ ನಾನೇ ಕೊನೆ. ಹಳೆಯ ಆರು ಜನವೂ ಬೇಡ ಎಂದೇ ಅಂದರು. ನಮ್ಮವರು ಆರು ಜನ ಕದಲಲಿಲ್ಲ. ಜಗದೇವ ಸರ್ ಕನ್ನಡಕ ಸರಿಮಾಡಿಕೊಂಡು ನನ್ನ ಹೆಸರು —